ಕೂದಲು ಹೇಳಿದ ಹವಾಮಾನ

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಬರೆಯುತ್ತಾ ಹೋದಂತೆ ನನ್ನ ಸಾಲುಗಳು ತಾವಾಗಿಯೇ ಮೇಲಕ್ಕೆ ಹತ್ತುತ್ತವೆ. ಪುಟದ ಕೊನೆಗೆ ಬರುವಷ್ಟರಲ್ಲಿ ಓದುವವರು ಕತ್ತು ಓರೆ ಮಾಡಬೇಕಾಗುತ್ತದೆ. ಪದಗಳೂ ನನಗೆ ಗೊತ್ತಿರುವಷ್ಟೇ. ಎಲ್ಲಾದರೂ ದೊಡ್ಡ ಪದ ಕಂಡರೆ, ಅದನ್ನು ಎರಡು ಸಲ ವಿಚಾರಿಸಿ ಬರೆದಿದ್ದೇನೆ ಎಂದು ತಿಳಿಯಬೇಕು. ಇಷ್ಟು ಕಷ್ಟಪಟ್ಟು ಬರೆಯಲು ಕಾರಣವಿದೆ. ಮದುವೆಯ ಸಂಡಿಗೆ ಮಳೆಯಲ್ಲಿ ಕೊಚ್ಚಿಹೋದ ಸಂಗತಿಯನ್ನು ನಮ್ಮ ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದಾರೆ. ಎಲ್ಲರ ಕಥೆಯಲ್ಲೂ ತಪ್ಪು ನನ್ನದೇ. ಅದು ನಿಜ. ಆದರೆ ತಪ್ಪು ಯಾವ ಕ್ರಮದಲ್ಲಿ ನಡೆಯಿತು ಎಂಬುದನ್ನು ಯಾರೂ ಸರಿಯಾಗಿ ಹೇಳುತ್ತಿಲ್ಲ, ಅದು ನನಗೆ ಬೇಸರ.

ನನ್ನ ಹೆಸರು ಶಿವಗಂಗಾ. ವಯಸ್ಸು ಹದಿನೇಳು. ಊರು ಕೊಪ್ಪಳದ ಕಡೆ. ಇರುವುದು ಜಿಗಣಿಯಲ್ಲಿ, ಈಶ್ವರಮ್ಮನವರ ಎಂಟು ಮನೆಗಳ ಬಿಲ್ಡಿಂಗಿನಲ್ಲಿ. ಅಪ್ಪ ಯಮನಪ್ಪ ಹಳೆ ಮನೆಗಳನ್ನು ಕೆಡವುವ ಕೆಲಸಕ್ಕೆ ಹೋಗುತ್ತಾನೆ. ಅವ್ವ ಶೇಖವ್ವ ಕೇಳಿದವರಿಗೆ ರೊಟ್ಟಿ, ಹಪ್ಪಳ, ಸಂಡಿಗೆ ಮಾಡಿ ಕೊಡುತ್ತಾಳೆ. ಅಜ್ಜಿ ಹನುಮವ್ವ ಇಬ್ಬರ ಕೆಲಸದಲ್ಲೂ ತಪ್ಪು ಹುಡುಕಿ ಕೊಡುತ್ತಾಳೆ.

ನಾನು ಪಿಯುಸಿಯನ್ನು ಮೊದಲ ವರ್ಷಕ್ಕೇ ಬಿಟ್ಟೆ. ಓದು ಬರುವುದಿಲ್ಲವೆಂದಲ್ಲ. ಹಾಜರಿ ಕರೆಯುವಾಗ ‘ಎಸ್ ಮಿಸ್’ ಎನ್ನಬೇಕಲ್ಲ, ಅದನ್ನು ನಾನು ಅನ್ನುತ್ತಿದ್ದೆ, ಮಿಸ್‌ಗೆ ಕೇಳಿಸುತ್ತಿರಲಿಲ್ಲ. ಒಂದು ದಿನವೂ ತಪ್ಪಿಸದೆ ಕಾಲೇಜಿಗೆ ಹೋದವಳಿಗೆ ವರ್ಷದ ಕೊನೆಯಲ್ಲಿ ಹಾಜರಿ ಸಾಲದು ಎಂದರು. ಆಫೀಸಿಗೆ ಹೋಗಿ ‘ನಾನು ಬಂದಿದ್ದೆ’ ಎಂದು ಹೇಳಬೇಕಿತ್ತು. ಹೋದೆ. ಹೇಳಿದೆ. ಅದೂ ಅವರಿಗೆ ಕೇಳಿಸಲಿಲ್ಲ.

ಆಮೇಲೆ ಅಪ್ಪ ಒಂದು ನಿರ್ಧಾರಕ್ಕೆ ಬಂದ. ಪಕ್ಕದ ಮನೆಯ ಸವಿತಕ್ಕ ಬಟ್ಟೆ ಹೊಲಿಯುವ ಫ್ಯಾಕ್ಟರಿಗೆ ಹೋಗುತ್ತಾಳೆ, ಬಸ್ಸು ನಮ್ಮ ಬಾಗಿಲ ಮುಂದೆಯೇ ನಿಲ್ಲುತ್ತದೆ, ಅದರಲ್ಲಿ ನನ್ನನ್ನೂ ಹತ್ತಿಸುವುದು. ಫ್ಯಾಕ್ಟರಿಯಲ್ಲಿ ಎಷ್ಟು ಜನ ಎಂದು ಕೇಳಿದೆ. ಮುನ್ನೂರು ಎಂದಳು ಸವಿತಕ್ಕ. ನನಗೆ ಅಲ್ಲಿಯೇ ಜ್ವರ ಬಂದ ಹಾಗಾಯಿತು. (ಮುಟ್ಟಿ ನೋಡಿದೆವು, ನಿಜವಾಗಿ ಬಂದಿರಲಿಲ್ಲ.)

ನನ್ನನ್ನು ಉಳಿಸಿದ್ದು ಈಶ್ವರಮ್ಮನವರ ಮಗಳು ವೇಣಿಯ ಮದುವೆ. ಅವರು ಅವ್ವನನ್ನು ಕರೆದು, ಮದುವೆಗೆ ಒಂದು ಡ್ರಮ್ ತುಂಬ ಅಕ್ಕಿ ಸಂಡಿಗೆ ಬೇಕು, ಅಕ್ಕಿ ತಮ್ಮದು, ಕೈ ನಿಮ್ಮದು ಎಂದರು. ಸಂಡಿಗೆ ಬಾಯಲ್ಲಿ ಹೂವಿನ ಹಾಗೆ ಕರಗಿದರೆ ಟೆರೇಸನ್ನು ವಾರಕ್ಕೆ ಮೂರು ದಿನ ಅವ್ವನಿಗೇ ಬಿಟ್ಟುಕೊಡುತ್ತೇನೆ ಎಂದೂ ಹೇಳಿದರು. ಟೆರೇಸ್ ಅಂದರೆ ಏನು ಎಂದು ನಮ್ಮ ಬಿಲ್ಡಿಂಗಿನವರಿಗೆ ಮಾತ್ರ ಗೊತ್ತು. ಮನೆ ಎಂಟು, ಟೆರೇಸ್ ಒಂದು. ಯಾವ ದಿನ ಯಾರ ಬಟ್ಟೆ, ಯಾವ ದಿನ ಯಾರ ಮೆಣಸಿನಕಾಯಿ ಎಂದು ಈಶ್ವರಮ್ಮನವರು ಸೀಮೆಸುಣ್ಣದಲ್ಲಿ ನೀರಿನ ಟ್ಯಾಂಕಿನ ಮೇಲೆ ಬರೆಯುತ್ತಾರೆ. ಒಬ್ಬರ ದಿನದಲ್ಲಿ ಇನ್ನೊಬ್ಬರ ಒಂದು ಕರವಸ್ತ್ರ ಕಂಡರೂ ಕುರುಕ್ಷೇತ್ರ. ಅಂಥ ಟೆರೇಸ್ ವಾರಕ್ಕೆ ಮೂರು ದಿನ ಸಿಕ್ಕರೆ ಅವ್ವನ ಕೈಕೆಲಸ ದೊಡ್ಡದಾಗುತ್ತದೆ, ಅವ್ವನಿಗೆ ಜೊತೆಗೆ ಒಬ್ಬಳು ಬೇಕಾಗುತ್ತಾಳೆ, ಆ ಒಬ್ಬಳು ನಾನು. ಸಂಡಿಗೆ ಕೆಟ್ಟರೆ ಬಸ್ಸು. ಲೆಕ್ಕ ಇಷ್ಟೇ.

ಸಂಡಿಗೆಗೆ ಬೇಕಾದದ್ದು ಎರಡು ದಿನದ ನಿಯತ್ತಿನ ಬಿಸಿಲು. ಈಶ್ವರಮ್ಮನವರ ಮಗ ಮುರಳಿಯಣ್ಣ ಟ್ಯಾಕ್ಸಿ ಓಡಿಸುತ್ತಾನೆ. ಅವನನ್ನು ಕೇಳಿದರೆ ಮೊಬೈಲ್ ತೆಗೆದು, ಮಳೆ ಬರುವ ಸಾಧ್ಯತೆ ನೂರಕ್ಕೆ ನಲವತ್ತು ಎನ್ನುತ್ತಿದ್ದ. ನಾಳೆಗೂ ನಲವತ್ತು, ನಾಡಿದ್ದಿಗೂ ನಲವತ್ತು. ಹಾಗಾದರೆ ಡ್ರಮ್ಮಿನಲ್ಲಿ ನೂರಕ್ಕೆ ನಲವತ್ತು ಸಂಡಿಗೆ ಮಾತ್ರ ಒಣಗಿಸಬೇಕೇ ಎಂದು ಅಜ್ಜಿ ಕೇಳಿದಳು. ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಇಂಥ ಸಮಯದಲ್ಲಿ ಅಪ್ಪ ಒಂದು ಸಂಜೆ ಸಿಮೆಂಟಿನ ಚೀಲದಲ್ಲಿ ಸುತ್ತಿಕೊಂಡು ಆ ವಸ್ತುವನ್ನು ತಂದ.

ಸಿಂಗಸಂದ್ರದಲ್ಲಿ ರಾಮಯ್ಯ ಎಂಬ ಹಿರಿಯರ ಹಳೆ ಮನೆಯನ್ನು ಕೆಡವುತ್ತಿದ್ದರು. ಅದರ ನಡುಮನೆಯ ಗೋಡೆಯ ಮೇಲೆ ಇದ್ದದ್ದಂತೆ. ಊಟದ ತಟ್ಟೆಯಷ್ಟು ಅಗಲ, ಹಿತ್ತಾಳೆಯ ಅಂಚು, ಮೇಲೆ ದಪ್ಪ ಗಾಜು, ಒಳಗೆ ಒಂದೇ ಒಂದು ಸೂಚಿ. ಗಡಿಯಾರ ಎಂದು ತಿಳಿದು ಅಪ್ಪ ಖುಷಿಯಾಗಿದ್ದ. ಒಂದೇ ಮುಳ್ಳಿನ ಗಡಿಯಾರ ಅರ್ಧ ದಿನವನ್ನಷ್ಟೇ ತೋರಿಸುತ್ತದೆಯೇನೋ ಎಂದು ಅವ್ವನಿಗೆ ಅನುಮಾನ. ರಾಮಯ್ಯನವರು ಅಪ್ಪನಿಗೆ ಹೇಳಿ ಕಳಿಸಿದ್ದರು: ಅದು ಗಡಿಯಾರವಲ್ಲ, ಹವೆಯಲ್ಲಿ ತೇವ ಎಷ್ಟಿದೆ ಎಂದು ಹೇಳುವ ಯಂತ್ರ, ತಮ್ಮ ತಂದೆಯವರು ದಿನಾ ಬೆಳಿಗ್ಗೆ ಅದರ ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಿ, ನೋಡಿ, ಆಮೇಲೆಯೇ ಕೊಡೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಈಗ ಕೆಟ್ಟಿದೆ. ಒಳಗೆ ಒಂದು ಕೂದಲು ಇರುತ್ತದೆ, ಅದು ಹರಿದಿದೆ. ರಿಪೇರಿ ಮಾಡುವವರು ಯಾರೂ ಉಳಿದಿಲ್ಲ, ಮನೆಯಲ್ಲಿ ಜಾಗವೂ ಉಳಿಯುವುದಿಲ್ಲ, ನೀವೇ ಇಟ್ಟುಕೊಳ್ಳಿ.

ನಾನು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಹಿತ್ತಾಳೆ ಹೊಳೆಯಿತು. ಬಿಳಿ ಮುಖದ ಮೇಲೆ ಒಂದರಿಂದ ನೂರರವರೆಗೆ ಗೆರೆಗಳು, ಎಡಕ್ಕೆ ಇಂಗ್ಲಿಷಿನಲ್ಲಿ ‘ಡ್ರೈ’, ಬಲಕ್ಕೆ ‘ವೆಟ್’. ಅಕ್ಷರಗಳು ಎಷ್ಟು ಚೆಂದವೆಂದರೆ ಅವುಗಳ ಪಕ್ಕದಲ್ಲಿ ನನ್ನ ಹೆಸರು ಬರೆದುಕೊಳ್ಳಲು ನಾಚಿಕೆಯಾಗುತ್ತದೆ. ಗೋಡೆಗೆ ನೇತುಹಾಕಿದ ಮೇಲೆ ಒಂದು ವಿಚಿತ್ರ ನಡೆಯಿತು. ಅದರ ಮುಂದೆ ಹಾದುಹೋದವರೆಲ್ಲ ಗಾಜನ್ನು ತಟ್ಟತೊಡಗಿದರು. ತಟ್ಟಿದರೆ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಅಪ್ಪ ತಟ್ಟಿದ, ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ತಟ್ಟಿದಳು, ಬಾಡಿಗೆ ಕೇಳಲು ಬಂದ ಈಶ್ವರಮ್ಮನವರು ಬಾಡಿಗೆ ಮರೆತು ತಟ್ಟಿದರು. ಅಜ್ಜಿ ತಟ್ಟಲಿಲ್ಲ. ಕುಂಕುಮ ಹಚ್ಚಿದಳು.

ಇದನ್ನು ಸರಿಮಾಡಿದರೆ ಬಿಸಿಲು ಬಂದೀತೇ ಮಳೆ ಬಂದೀತೇ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಮಾತೇ ಆಡಬೇಕಾಗಿಲ್ಲ, ಮನೆಯೊಳಗೆ ಕೂತು ಸೂಚಿ ನೋಡಿ ಅವ್ವನಿಗೆ ತಲೆಯಾಡಿಸಿದರೆ ಸಾಕು ಎಂದು ನನಗೆ ಹೊಳೆಯಿತು. ನನಗಾಗಿಯೇ ಯಾರೋ ನೂರು ವರ್ಷದ ಹಿಂದೆ ಮಾಡಿಟ್ಟ ಉದ್ಯೋಗ.

ಮೊಬೈಲಿನಲ್ಲಿ ಹುಡುಕಿ ಒಂದು ವಿಡಿಯೊ ನೋಡಿದೆ. ಹನ್ನೊಂದು ಸಲ ನೋಡಿದೆ. ಮನುಷ್ಯರ ಕೂದಲು ತೇವಕ್ಕೆ ಉದ್ದವಾಗುತ್ತದೆ, ಒಣ ಹವೆಗೆ ಗಿಡ್ಡವಾಗುತ್ತದೆ, ಅದು ಎಳೆದಂತೆ ಸೂಚಿ ತಿರುಗುತ್ತದೆ. ಕೂದಲು ಗೇಣುದ್ದ ಇರಬೇಕು. ಎಣ್ಣೆಯ ಸುಳಿವೂ ಇರಬಾರದು.

ಎಣ್ಣೆ ಇಲ್ಲದ ಕೂದಲು ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಅಜ್ಜಿಯ ತಲೆ ಎಪ್ಪತ್ತು ವರ್ಷದಿಂದ ಎಣ್ಣೆ ಕುಡಿಯುತ್ತಿದೆ. ಅವಳು ಒರಗಿ ಕೂತ ಗೋಡೆಯಲ್ಲಿ ಹೊಳೆಯುವ ಒಂದು ಚಂದ್ರಬಿಂಬವಿದೆ. ಅವ್ವ ವಾರಕ್ಕೆ ಮೂರು ಸಲ ಹಚ್ಚುತ್ತಾಳೆ, ನನಗೆ ನಾಲ್ಕು ಸಲ. ನನ್ನದೇ ಒಂದು ಕೂದಲನ್ನು ಕಿತ್ತು ಶಾಂಪೂವಿನಲ್ಲಿ ತೊಳೆದೆ, ಸೀಗೆಕಾಯಿಯಲ್ಲಿ ತೊಳೆದೆ, ಕೊನೆಗೆ ಪಾತ್ರೆ ಸೋಪಿನಲ್ಲಿ ತಿಕ್ಕಿದೆ. ಯಂತ್ರದೊಳಗಿನ ಸಣ್ಣ ತಿರುಪಿಗೆ ಸಿಕ್ಕಿಸಿ ಬಿಗಿ ಮಾಡಿದರೆ ಕೂದಲು ಮೀನಿನ ಹಾಗೆ ಜಾರಿ ಹೊರಬಂತು. ಮೂರು ಸಲ ಸಿಕ್ಕಿಸಿದೆ, ಮೂರು ಸಲ ಜಾರಿತು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

“ಏನವ್ವಾ ಇದು, ಒಂದ ಕೂದಲಕ್ಕ ಇಷ್ಟ ಜಳಕಾನ? ನಿನಗ ನೀ ಇಷ್ಟ ತಿಕ್ಕಿಕೊಂಡಿದ್ದರ ಈಟೊತ್ತಿಗೆ ಬೆಳ್ಳಗರ ಆಗತಿದ್ದಿ.”

ನಮ್ಮ ಬಿಲ್ಡಿಂಗಿನಲ್ಲಿ ತಲೆಗೆ ಎಣ್ಣೆ ಹಚ್ಚದವರು ಒಬ್ಬರೇ: ಮೊದಲ ಮಹಡಿಯ ನೀಲಾಂಬಿಕಾ ಅಕ್ಕ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕೆಲಸ. ಅವರ ಕೂದಲು ಭುಜದ ಮೇಲೆ ಪರದೆ ಬಿಟ್ಟ ಹಾಗೆ ನೇರವಾಗಿ ಇಳಿದು ನಿಲ್ಲುತ್ತದೆ; ಗಾಳಿ ಬಂದರೂ ಒಂದು ಎಳೆ ಇನ್ನೊಂದರ ಮೇಲೆ ಬೀಳುವುದಿಲ್ಲ. ಯಂತ್ರಕ್ಕೆ ತಕ್ಕ ಶಿಸ್ತು. ಆದರೆ ಹೋಗಿ ‘ಅಕ್ಕಾ, ಒಂದು ಕೂದಲು ಕೊಡಿ’ ಎಂದು ಕೇಳುವುದು ಹೇಗೆ? ಮಾತನ್ನು ಚೀಟಿಯಲ್ಲಿ ಬರೆದು ಎರಡು ದಿನ ಬಾಯಿಪಾಠ ಮಾಡಿದೆ. ಮೂರನೆಯ ದಿನ ಕೇಳದೆಯೇ ಪಡೆಯುವ ಮಾರ್ಗ ಕಂಡುಹಿಡಿದೆ. ಅವರು ಬೆಳಿಗ್ಗೆ ತಮ್ಮ ಮನೆಯ ಮುಂದಿನ ಕಾರಿಡಾರಿನಲ್ಲಿ ನಿಂತು ತಲೆ ಬಾಚುತ್ತಾರೆ. ಬಾಚುವಾಗ ಉದುರಿದ್ದನ್ನು ಆರಿಸಿದರೆ ಆಯಿತು.

ನಾಲ್ಕು ದಿನ ಮೆಟ್ಟಿಲ ಮೂಲೆಯಲ್ಲಿ ಕೂತು ಆರಿಸಿದೆ. ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಮಡಚಿ, ಮೇಲೆ ದಿನಾಂಕ, ವೇಳೆ, ಉದ್ದ, ‘ನೀಲಾಂಬಿಕಾ ಅಕ್ಕ, ಎಡಭಾಗ’, ‘ಬಲಭಾಗ’ ಎಂದು ಬರೆದಿಟ್ಟೆ. ಆರಿಸುವ ಕೆಲಸವನ್ನಾದರೂ ಸರಿಯಾಗಿ ಮಾಡಬೇಕಲ್ಲ. ಐದನೆಯ ದಿನ ಈಶ್ವರಮ್ಮನವರು ಹಿಂದಿನಿಂದ ಬಂದು ಕೈ ಹಿಡಿದರು. ಒಂಬತ್ತು ಕಾಗದಗಳು ಕೆಳಗೆ ಬಿದ್ದವು. ಅವರು ಒಂದನ್ನು ಬಿಚ್ಚಿ ಕೂದಲು ನೋಡಿದರು, ಹೆಸರು ಓದಿದರು, ಎರಡು ಹೆಜ್ಜೆ ಹಿಂದೆ ಸರಿದರು.

“ಯಾರಿಗಮ್ಮಿ ಮಾಟ ಮಾಡುಸ್ತಿದ್ದೀಯಾ?”

ಹವಾಮಾನಕ್ಕೆ ಎಂದೆ. ಕೇಳಿಸಲಿಲ್ಲ. ಆಮೇಲೆ ಅವರ ಮುಖದಲ್ಲಿ ಅದಕ್ಕಿಂತ ದೊಡ್ಡ ಸಂಶಯ ಮೂಡಿತು. ತಿಂಗಳಿಗೊಮ್ಮೆ ನಮ್ಮ ಬೀದಿಗೆ ಕೂದಲು ಕೊಳ್ಳುವವನು ಬರುತ್ತಾನೆ; ಉದುರಿದ ಕೂದಲು ಕೂಡಿಟ್ಟು ಕೊಟ್ಟರೆ ತೂಕಕ್ಕೆ ತಕ್ಕಂತೆ ಸ್ಟೀಲ್ ಪಾತ್ರೆ ಕೊಡುತ್ತಾನೆ. ಇಡೀ ಬಿಲ್ಡಿಂಗಿನ ಕೂದಲನ್ನು ಕಸ ಗುಡಿಸುವಾಗ ಕೂಡಿಸಿಡುವುದು ಓನರ್ ಎಂಬ ಹಕ್ಕಿನಿಂದ ಈಶ್ವರಮ್ಮನವರೇ. ಹಿಂದಿನ ವರ್ಷ ಮುಚ್ಚಳವಿರುವ ಎರಡು ಡಬ್ಬಿ ಬಂದಿದ್ದವು, ಈ ವರ್ಷ ಕುಕ್ಕರಿನ ಮೇಲೆ ಕಣ್ಣು.

“ಅಂಗಂದ್ರೆ ನೀನೂ ಇದೇ ಯಾಪಾರಕ್ಕೆ ಇಳ್ದಿದ್ದೀಯಾ? ಬಾಡಿಗೆಗೆ ಇರೋ ಮಗೀಗೆ ನನ್ ಕುಕ್ಕರ್ ಮೇಲೆ ಕಣ್ಣಾ?”

ಮಾಟಕ್ಕಿಂತ ಇದಕ್ಕೇ ಅವರಿಗೆ ಹೆಚ್ಚು ಕೋಪ ಬಂದಿತ್ತು. ಗದ್ದಲಕ್ಕೆ ನೀಲಾಂಬಿಕಾ ಅಕ್ಕ ಬಾಚಣಿಗೆ ಹಿಡಿದುಕೊಂಡೇ ಬಂದರು. ನನ್ನ ಬಾಯಿ ಅಷ್ಟರಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಜೇಬಿನಲ್ಲಿದ್ದ ಬಾಯಿಪಾಠದ ಚೀಟಿಯನ್ನು ತೆಗೆದು ಕೊಟ್ಟೆ. ಅವರು ಓದಿದರು, ಇನ್ನೊಮ್ಮೆ ಓದಿದರು, ನಗುತ್ತಾ ಗೋಡೆಗೆ ಒರಗಿಕೊಂಡರು. ತಮ್ಮ ಕೈಯಿಂದಲೇ ಉದ್ದದ ಒಂದು ಕೂದಲನ್ನು ಆರಿಸಿ ಚಟ್ಟನೆ ಕಿತ್ತು ನನ್ನ ಅಂಗೈಯಲ್ಲಿ ಇಟ್ಟರು. ತಮ್ಮ ಕೂದಲು ಇಷ್ಟು ದೊಡ್ಡ ಕೆಲಸಕ್ಕೆ ಸೇರುತ್ತಿರುವುದು ಆಫೀಸಿನವರಿಗೂ ತಿಳಿಯಲಿ ಎಂದು ಫೋಟೊ ತೆಗೆದುಕೊಂಡರು. ಉದುರಿದ್ದೆಲ್ಲ ಎಂದಿನಂತೆ ಈಶ್ವರಮ್ಮನವರಿಗೇ ಸೇರತಕ್ಕದ್ದು ಎಂದು ಒಪ್ಪಂದವಾಯಿತು. ನನ್ನ ಒಂಬತ್ತು ಕಾಗದಗಳನ್ನೂ ಅವರು ಎಣಿಸಿ ಒಯ್ದರು.

ಆ ಕೂದಲು ತಿರುಪಿನಲ್ಲಿ ಒಂದೇ ಸಲಕ್ಕೆ ಕೂತಿತು. ಅಂದು ಸುಡುಬಿಸಿಲು, ವಿಡಿಯೊದಲ್ಲಿ ಹೇಳಿದಂತೆ ಸೂಚಿಯನ್ನು ‘ಡ್ರೈ’ಯ ಮೇಲೆ ಇಟ್ಟು ಗಾಜು ಮುಚ್ಚಿದೆ. ಇನ್ನೊಂದು ಮಾತೂ ವಿಡಿಯೊದಲ್ಲಿತ್ತು: ಒಂದು ರಾತ್ರಿ ಯಂತ್ರಕ್ಕೆ ಒದ್ದೆ ಬಟ್ಟೆ ಸುತ್ತಿಟ್ಟು, ಬೆಳಿಗ್ಗೆ ಸೂಚಿ ‘ವೆಟ್’ಗೆ ಬಂದಿದೆಯೇ ಎಂದು ಪರೀಕ್ಷಿಸಬೇಕು. ಬಟ್ಟೆ ನೆನೆಸಿ ಹಿಂಡಿಕೊಂಡು ಬಂದೆ. ಅಜ್ಜಿ ಅಡ್ಡ ನಿಂತಳು. ಕುಂಕುಮ ಹಚ್ಚಿದ ವಸ್ತು, ಜ್ವರ ಬಂದವರಿಗೆ ಹಾಕುವ ಹಾಗೆ ಒದ್ದೆ ಅರಿವೆ ಹೊದಿಸುತ್ತೀಯೇನು ಎಂದಳು. ನಾನು ಬಟ್ಟೆಯನ್ನು ಒಣಗಲು ಹಾಕಿದೆ. ಇಡೀ ಕಥೆಯಲ್ಲಿ ತಪ್ಪು ನಿಜವಾಗಿ ಹೊಕ್ಕ ಜಾಗ ಇದು. ಬೀದಿಯವರು ಇದನ್ನು ಬಿಟ್ಟು ಬೇರೆಲ್ಲ ಹೇಳುತ್ತಾರೆ.

ಒದ್ದೆ ಬಟ್ಟೆಯ ಬದಲು ನಾನು ಒಂದು ನೋಟ್‌ಬುಕ್ ಇಟ್ಟೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಾಜು ತಟ್ಟಿ ಬರೆದುಕೊಂಡೆ. ಒಂಬತ್ತು ದಿನ, ಇಪ್ಪತ್ತೇಳು ಸಲ. ಇಪ್ಪತ್ತೇಳು ಸಲವೂ ಸೂಚಿ ‘ಡ್ರೈ’ ಎಂದಿತು. ಇಪ್ಪತ್ತೇಳು ಸಲವೂ ಹವೆ ಒಣಗಿಯೇ ಇತ್ತು. ಒಂದು ದಿನವೂ ಒಂದು ಗೆರೆಯಷ್ಟೂ ಆಚೀಚೆ ಅಲ್ಲಾಡಲಿಲ್ಲ. ಇಷ್ಟು ಗಟ್ಟಿ ಸ್ವಭಾವ ಮನುಷ್ಯರಲ್ಲಿ ಸಿಗುವುದಿಲ್ಲ ಎಂದುಕೊಂಡೆ. ನೂರಕ್ಕೆ ನೂರು. ಕಾಲೇಜಿನಲ್ಲಿ ನನಗೆ ಯಾವ ವಿಷಯದಲ್ಲೂ ಬಂದಿರಲಿಲ್ಲ.

ಯಂತ್ರದ ಖ್ಯಾತಿ ಹರಡಿತು. ಎಂಟೂ ಮನೆಯವರು ಬೆಳಿಗ್ಗೆ ಬಂದು ತಟ್ಟಿ ಹೋಗುತ್ತಿದ್ದರು. ಮುರಳಿಯಣ್ಣ ಮೊಬೈಲನ್ನು ಒಂದು ಕೈಯಲ್ಲಿ ಹಿಡಿದು ಬಂದು, ಅದು ನಲವತ್ತು ಎನ್ನುತ್ತಿದೆ, ಇದು ಏನನ್ನುತ್ತದೆ ಎಂದು ನೋಡುತ್ತಿದ್ದ. ನೋಡಿ, “ಸಕ್ಕತ್ತಾಗಿದೆ ಗುರು, ಚಾರ್ಜೂ ಬೇಡ, ನೆಟ್ಟೂ ಬೇಡ” ಎಂದು ಹಿತ್ತಾಳೆಯನ್ನು ಸವರುತ್ತಿದ್ದ. ಅಪ್ಪ ಕೆಲಸಕ್ಕೆ ಹೋದಲ್ಲೆಲ್ಲ ಹೇಳಿಕೊಂಡ. ನನಗೋ, ಜನ ಮನೆಗೆ ಬರುವುದೊಂದು ಕಷ್ಟವಾದರೂ ಅವರು ನನ್ನ ಮುಖ ನೋಡದೆ ಯಂತ್ರದ ಮುಖ ನೋಡುತ್ತಿದ್ದದ್ದು ದೊಡ್ಡ ಸಮಾಧಾನ.

ಹತ್ತನೆಯ ದಿನ, ನಾಳೆ ಸಂಡಿಗೆ ಹಾಕೋಣವೇ ಎಂದು ಅವ್ವ ಕೇಳಿದಳು. ನಾನು ತಟ್ಟಿದೆ, ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಂಡೆಯಲ್ಲಿ ಅಕ್ಕಿ ಹಿಟ್ಟು ಬೇಯಿಸಿದೆವು. ಉಪ್ಪು, ಜೀರಿಗೆ, ಅರೆದ ಹಸಿಮೆಣಸಿನಕಾಯಿ. ಹಿಟ್ಟಿನ ಅಂಬಲಿ ಬಿಸಿಯಾಗಿರುವಾಗಲೇ ಬಕೆಟ್ಟುಗಳಲ್ಲಿ ಹೊತ್ತು ಟೆರೇಸಿಗೆ ತಂದು, ಹನ್ನೊಂದು ಹಳೆಯ ಸೀರೆ ಹಾಸಿ, ಸೌಟಿನಿಂದ ಒಂದೊಂದೇ ಹುಯ್ದೆವು. ಟೆರೇಸಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಸಂಡಿಗೆ. ಅವ್ವ ಸೊಂಟ ನೆಟ್ಟಗೆ ಮಾಡಿ ನೋಡಿದಳು. ಅವಳು ಎಂದೂ ಅಷ್ಟು ದೊಡ್ಡ ಕೆಲಸ ಹಿಡಿದಿರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಬನ್ನೇರುಘಟ್ಟದ ಕಡೆ ಕಪ್ಪು ಮೋಡ ಕಂಡಿತು. ಸೀರೆ ಎತ್ತೋಣವೇ ಎಂದು ಅವ್ವ ಮೇಲಿನಿಂದ ಕೂಗಿದಳು. ನಾನು ಒಳಗೆ ಓಡಿ ಸೂಚಿ ನೋಡಿ, ಬೇಡ ಎಂದು ಕೈಯಾಡಿಸಿದೆ. ಅರೆ ಒಣಗಿದ ಸಂಡಿಗೆಯನ್ನು ಎತ್ತಿದರೆ ಮುದ್ದೆಯಾಗುತ್ತದೆ. ಎತ್ತದಿರಲು ಕಾರಣ ಬೇಕಿತ್ತು, ನನ್ನ ಬಳಿ ಇಪ್ಪತ್ತೇಳು ಕಾರಣಗಳಿದ್ದವು. ಎರಡೂವರೆಗೆ ಗುಡುಗಿತು. ಮತ್ತೆ ಓಡಿ ತಟ್ಟಿದೆ. ಡ್ರೈ. ಮೋಡ ಆನೇಕಲ್ ಕಡೆಗೆ ಹೋಗುತ್ತದೆ ಎಂದು ಹೇಳಿದೆ. (ಇದನ್ನು ಸೂಚಿ ಹೇಳಿರಲಿಲ್ಲ, ನಾನೇ ಸೇರಿಸಿದೆ. ಯಶಸ್ಸು ತಲೆಗೆ ಹತ್ತಿತ್ತು.) ಮೂರು ಗಂಟೆಗೆ ಮಳೆ ಬಂತು. ಹನಿ ಹನಿಯಾಗಿ ಬರಲಿಲ್ಲ. ಯಾರೋ ಮೇಲಿನಿಂದ ಹಂಡೆ ಕವುಚಿದ ಹಾಗೆ ಬಂತು.

ಅವ್ವ, ಅಜ್ಜಿ, ಅಂದು ರಜೆ ಹಾಕಿದ್ದ ಸವಿತಕ್ಕ, ಈಶ್ವರಮ್ಮ ಎಲ್ಲರೂ ಟೆರೇಸಿನಲ್ಲಿದ್ದರು. ನಾನು ಮಾತ್ರ ಮನೆಯೊಳಗೆ ಯಂತ್ರದ ಮುಂದೆ ನಿಂತು ಗಾಜು ತಟ್ಟುತ್ತಿದ್ದೆ. ಕಿಟಕಿಯಿಂದ ಎರಚಲು ನನ್ನ ಮುಖಕ್ಕೆ ಹೊಡೆಯುತ್ತಿತ್ತು, ಯಂತ್ರದ ಮುಖಕ್ಕೂ ಹೊಡೆಯುತ್ತಿತ್ತು. ಡ್ರೈ. ಒಂದು ಕ್ಷಣ, ಸಾಯಲಿ, ನನಗೆ ಮಳೆಯ ಮೇಲೆಯೇ ಸಂಶಯ ಬಂತು.

ಸೀರೆಗಳನ್ನು ನಾಲ್ಕು ಮೂಲೆ ಹಿಡಿದು ಎತ್ತುವಷ್ಟರಲ್ಲಿ ಸಂಡಿಗೆಗಳು ಮತ್ತೆ ಅಂಬಲಿಯಾಗಿ, ಅಂಬಲಿ ಹೊಳೆಯಾಗಿ, ಹೊಳೆ ಟೆರೇಸಿನ ಮೂಲೆಯ ಪೈಪಿನಿಂದ ಕೆಳಗಿಳಿಯಿತು. ಪೈಪಿನ ಬಾಯಿ ಅಂಗಳದಲ್ಲಿ ಮೂರು ಅಡಿ ಎತ್ತರದಲ್ಲಿದೆ. ಅದರ ಎದುರು ಮುರಳಿಯಣ್ಣ ಆಗ ತಾನೇ ತೊಳೆದ ಟ್ಯಾಕ್ಸಿ ನಿಲ್ಲಿಸಿದ್ದ, ಗಾಜು ಇಳಿಸಿ, ಸೀಟು ಒಣಗಲೆಂದು. ಅವನ ಯಂತ್ರವಿಶ್ವಾಸ ಅಷ್ಟು ಗಾಢವಾಗಿತ್ತು. ಜೀರಿಗೆ, ಮೆಣಸಿನಕಾಯಿ ಸಮೇತ ಅರ್ಧ ಡ್ರಮ್ ಅಂಬಲಿ ಡ್ರೈವರ್ ಸೀಟಿನಲ್ಲಿ ಹೋಗಿ ಕೂತಿತು. ಅವನು ಬಾಗಿಲು ತೆರೆದು ಅದನ್ನು ನೋಡಿದ. ಆಮೇಲೆ ಬೆರಳಿನಿಂದ ಸ್ವಲ್ಪ ತೆಗೆದು ನೆಕ್ಕಿ, ಉಪ್ಪು ಸರಿಯಾಗಿದೆ ಎಂದ.

ಮಳೆ ನಿಲ್ಲುವ ಮೊದಲೇ ನೀಲಾಂಬಿಕಾ ಅಕ್ಕ ಆಫೀಸಿನಿಂದ ಬಂದರು. ಕೊಡೆ ಇಲ್ಲ, ಬಟ್ಟೆಯೆಲ್ಲ ತೊಪ್ಪೆ. ಮಹಡಿ ಹತ್ತುವ ಮೊದಲು ನಮ್ಮ ಮನೆಯೊಳಗೆ ಬಂದು ಟವೆಲ್ ಕೇಳಿದರು. ಟವೆಲ್ ಕೊಡುತ್ತಾ ನಾನು ಅವರ ತಲೆ ನೋಡಿದೆ. ಅವರು ಒಂದು ಸಲ ತಲೆ ಕೊಡವಿದರು, ನೀರೆಲ್ಲ ಹಾರಿಹೋಯಿತು, ಕೂದಲು ಬಂದು ಪರದೆಯ ಹಾಗೆ ನೇರವಾಗಿ ನಿಂತಿತು, ಮಳೆಯ ವಿಷಯ ತನಗೆ ಗೊತ್ತೇ ಇಲ್ಲ ಎನ್ನುವ ಹಾಗೆ. ಅಕ್ಕಾ, ನಿಮ್ಮ ಕೂದಲು ಹೀಗೇ ಹುಟ್ಟಿದ್ದೋ ಎಂದು ಕೇಳಿದೆ. ಆ ದಿನ ನನ್ನ ದನಿ ಎಲ್ಲರಿಗೂ ಕೇಳಿಸಿತು.

“ಅಯ್ಯೋ ಇಲ್ಲ ಕಣೆ ಗಂಗಾ, ಹುಟ್ಟಿದ್ದು ಸ್ಪ್ರಿಂಗ್ ಥರ. ಪಾರ್ಲರ್‌ನಲ್ಲಿ ಆರು ಸಾವಿರ ಕೊಟ್ಟು ಮಾಡಿಸ್ಕೊಂಡಿದ್ದೀನಿ. ಮಳೇಲಿ ನೆನೆದ್ರೂ ಥಂಡಿ ಹೊಡೆದ್ರೂ ಒಂದೆಳೆ ಜಗ್ಗಲ್ಲ ಅಂತ ಆರು ತಿಂಗಳು ಗ್ಯಾರಂಟಿ.”

ಗ್ಯಾರಂಟಿ ಮಾತಿಗೆ ತಪ್ಪಿರಲಿಲ್ಲ.

ಹವೆಗೆ ಜಗ್ಗಬಾರದೆಂದೇ ಆರು ಸಾವಿರ ಕೊಟ್ಟು ಪಳಗಿಸಿದ ಕೂದಲನ್ನು, ಇಡೀ ಜಿಗಣಿಯಲ್ಲಿ ಹುಡುಕಿ ಹುಡುಕಿ, ಹವೆ ಹೇಳುವ ಕೆಲಸಕ್ಕೆ ನೇಮಿಸಿದ್ದೆ. ಅಜ್ಜಿಗೆ ಇದು ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದ ಮೇಲೆ ಅವಳು ನಗಲು ಶುರು ಮಾಡಿದವಳು ರಾತ್ರಿ ಊಟದವರೆಗೂ ನಿಲ್ಲಿಸಲಿಲ್ಲ. ಅಪ್ಪ ನಗಲಿಲ್ಲ. ಸವಿತಕ್ಕನನ್ನು ಕರೆದು, ಬಸ್ಸು ಬೆಳಿಗ್ಗೆ ಎಷ್ಟಕ್ಕೆ ಎಂದು ಕೇಳಿದ.

ಈಶ್ವರಮ್ಮನವರು ಸೀರೆಯ ಸೆರಗು ಹಿಂಡುತ್ತಾ ಬಂದು ಬಾಗಿಲಲ್ಲಿ ಕೂತರು. ಅವ್ವ ತಾನೇ ಮೊದಲು ಮಾತೆತ್ತಿ, ಅಕ್ಕಿ ತಾನು ತುಂಬಿಕೊಡುತ್ತೇನೆ, ತಪ್ಪಾಯಿತು ಎಂದಳು. ಅವರು ಅಕ್ಕಿಯ ಮಾತು ಬೇಡವೆಂದರು. ಮಗ ನೆಕ್ಕಿ ನೋಡಿ ಸರಿಯಾಗಿದೆ ಎಂದಿದ್ದಾನೆ, ಅವನು ಹುಟ್ಟಿ ಮೂವತ್ತು ವರ್ಷದಲ್ಲಿ ಅಡುಗೆಯನ್ನು ಹೊಗಳಿದ್ದು ಇದೇ ಮೊದಲು, ಆದ್ದರಿಂದ ಇನ್ನೊಂದು ಸಲ ಮಾಡಿ ಎಂದರು. ಆದರೆ ಷರತ್ತು ಎರಡು.

“ಈ ಸಲ ಮಿಸಿನ್ ಬ್ಯಾಡ. ಈ ಮಗೀನೇ ಕೊಡೆ ಇಡ್ಕಂಡು ಮೇಲೆ ಕೂತ್ಕಬೇಕು, ಬೆಳಗಿಂದ ಸಂಜೆಗಂಟ, ಆಕಾಸ ನೋಡ್ಕಂಡು. ಇನ್ನೊಂದು, ಆ ಮಿಸಿನ್ ನಮ್ ಅಟ್ಟೀಲಿರ್ಲಿ.”

ಯಂತ್ರವನ್ನು ಶಿಕ್ಷೆಗಾಗಿ ಕೇಳುತ್ತಿದ್ದಾರೆ ಎಂದುಕೊಂಡೆ. ಹಾಗಲ್ಲ. ಮದುವೆಗೆ ಬರುವವರು ಅವರ ಮನೆಯ ಹಾಲ್‌ನಲ್ಲಿ ಕೂರುತ್ತಾರೆ, ಅವರಿಗೆ ತಟ್ಟಲು ಏನಾದರೂ ಬೇಕಲ್ಲ ಎಂಬುದು ಅವರ ವಿಚಾರ. ಬೇಕಾದರೆ ಸರಿಯಾದ ಕೂದಲು ಹುಡುಕಿ ಹಾಕಿಕೊಡುತ್ತೇನೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಮದುವೆ ಮನೆಯಲ್ಲಿ ದಿನಾ ಬಿಸಿಲೇ ಎನ್ನುವ ಯಂತ್ರ ಇರಬೇಕೋ, ನಿಜ ಹೇಳುವ ಯಂತ್ರ ಇರಬೇಕೋ, ನೀನೇ ಹೇಳು ಎಂದರು. ಹಾಗೆ ಯಂತ್ರಕ್ಕೆ ಹೊಸ ಮೊಳೆ, ಮಲ್ಲಿಗೆ ಹಾರ ಸಿಕ್ಕಿತು. ನನಗೆ ಕಾಗೆ ಓಡಿಸುವ ಕೋಲು ಸಿಕ್ಕಿತು.

ಮೂರು ದಿನ ಟೆರೇಸಿನಲ್ಲಿ ಕೂತೆ. ತಿಂಡಿ, ಊಟ ಅಲ್ಲೇ. ನಾನು ಏನನ್ನೇ ಮಾಡಿದರೂ ಶ್ರದ್ಧೆಯಿಂದ ಮಾಡುತ್ತೇನೆ, ಆಕಾಶವನ್ನೂ ಹಾಗೆಯೇ ನೋಡಿದೆ. ಎರಡನೆಯ ದಿನ ಮಧ್ಯಾಹ್ನ ತೆಂಗಿನ ಗರಿಗಳು ಹಿಂದುಮುಂದಾಗಿ ತಿರುಗಿದ್ದು ಕಂಡು ಎದ್ದು ಸೀರೆ ಎತ್ತತೊಡಗಿದೆ. ಕೊನೆಯ ಸೀರೆ ಒಳಗೆ ಹೋದ ಮೇಲೆ ಮಳೆ ಬಂತು. ಒಂದು ಸಂಡಿಗೆಗೂ ಹನಿ ತಾಗಲಿಲ್ಲ. ಮೂರನೆಯ ದಿನ ಈಶ್ವರಮ್ಮನವರು ಕಾದ ಎಣ್ಣೆಗೆ ನಾಲ್ಕು ಸಂಡಿಗೆ ಹಾಕಿ ನೋಡಿದರು. ಮಲ್ಲಿಗೆ ಅರಳಿದ ಹಾಗೆ ಅರಳಿದವು. ಅವರು ಎರಡು ತಿಂದು, ಎದ್ದು ಹೋಗಿ, ನೀರಿನ ಟ್ಯಾಂಕಿನ ಮೇಲೆ ಸೋಮವಾರ, ಬುಧವಾರ, ಶುಕ್ರವಾರದ ಮುಂದೆ ಅವ್ವನ ಹೆಸರು ಬರೆದರು. ಸೀಮೆಸುಣ್ಣದಲ್ಲಲ್ಲ, ಬಣ್ಣದಲ್ಲಿ. ಅಪ್ಪ ಬಸ್ಸಿನ ಮಾತು ಬಿಟ್ಟ. ಮುನ್ನೂರು ಜನರಿಂದ ನಾನು ಪಾರಾದೆ.

ಹಾಗೆಂದು ತಿಳಿದಿದ್ದೆ.

ನಮ್ಮ ಟೆರೇಸ್ ಬೀದಿಯಲ್ಲೇ ಎತ್ತರದ್ದು. ನಾನು ಎದ್ದು ಸೀರೆ ಎತ್ತಿದ ಅರ್ಧ ಗಂಟೆಗೆ ಮಳೆ ಬಂದದ್ದನ್ನು ಸುತ್ತಲಿನ ಹದಿನಾಲ್ಕು ಟೆರೇಸಿನವರು ನೋಡಿದ್ದಾರೆ. ಅಂದಿನಿಂದ ಅವರು ಆಕಾಶ ನೋಡುವುದನ್ನೂ ಮೊಬೈಲ್ ನೋಡುವುದನ್ನೂ ಬಿಟ್ಟು ನನ್ನನ್ನು ನೋಡುತ್ತಾರೆ. ನಾನು ಕೂತಿದ್ದರೆ ಬಿಸಿಲು. ನಾನು ಎದ್ದರೆ ಮಳೆ. ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ಕೆಳಗೆ ನಿಂತಾಗ ಕಿಟಕಿಗಳಿಂದ ಸಾಲಾಗಿ ತಲೆಗಳು ಹೊರಬರುತ್ತವೆ, ಬಟ್ಟೆ ಹೊರಗೆ ಹಾಕಿ ಬಂದಿದ್ದೇವೆ, ಇವತ್ತು ಹೆಂಗೆ ಗಂಗಾ ಎಂದು ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ನಾನು ಕೂತೇ ಇದ್ದು ತೋರಿಸಬೇಕು, ಆಗ ಬಸ್ಸು ಹೊರಡುತ್ತದೆ.

ನಿನ್ನೆ ಹನ್ನೊಂದು ಗಂಟೆಗೆ ನಾನು ಎದ್ದೆ. ಮೋಡ ಇರಲಿಲ್ಲ. ಬೆಳಿಗ್ಗೆ ಎರಡು ಲೋಟ ಚಹಾ ಕುಡಿದಿದ್ದೆ, ಅಷ್ಟೇ ಕಾರಣ. ಕೆಳಗಿಳಿದು ಬಾತ್‌ರೂಮಿಗೆ ಹೋಗಿ ಐದು ನಿಮಿಷದಲ್ಲಿ ಮೇಲೆ ಬಂದೆ. ಅಷ್ಟರಲ್ಲಿ ಹದಿನಾಲ್ಕೂ ಟೆರೇಸು ಖಾಲಿ. ಬಟ್ಟೆ ಒಳಗೆ, ಮೆಣಸಿನಕಾಯಿ ಒಳಗೆ, ರಾಗಿ ಒಳಗೆ. ಎದುರು ಮನೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದವರು ಡಬ್ಬಿ ಮುಚ್ಚಿ ಇಳಿದಿದ್ದರು. ಮುರಳಿಯಣ್ಣ ಟ್ಯಾಕ್ಸಿಗೆ ಟಾರ್ಪಾಲ್ ಹೊದಿಸಿ ಹಗ್ಗ ಕಟ್ಟುತ್ತಿದ್ದ. ಮೇಲೆ ಕಣ್ಣು ಕುಕ್ಕುವ ಬಿಸಿಲು, ಕೆಳಗೆ ಎಲ್ಲರೂ ಬಾಗಿಲಲ್ಲಿ ನಿಂತು ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಾರೆ. ಯಾಕೆ ಎದ್ದೆ ಎಂದು ಹೇಳುವಂತಿರಲಿಲ್ಲ. ಬರಬಹುದು ಅನ್ನಿಸಿತು, ಹೋಯಿತು ಎಂದೆ. ದೊಡ್ಡ ಮೋಡವನ್ನೇ ನಾನು ಮಾತಾಡಿ ಕಳಿಸಿದೆ ಎಂಬಂತೆ ಅವರು ತಲೆದೂಗಿದರು.

ನಾಳೆ ಶುಕ್ರವಾರ, ಟೆರೇಸ್ ನಮ್ಮದು. ನಾಳೆ ಬೆಳಿಗ್ಗೆ ಒಂದೇ ಲೋಟ ಚಹಾ ಕುಡಿದು ಮೇಲೆ ಹೋಗುತ್ತೇನೆ.